‘ಕುಂಬಳೆ’ ಅಂತ ಟೈಪ್ ಮಾಡಿದರೆ ಹಡಗು ಸಿಗುವುದಿಲ್ಲ

ಮುಳುಗಿದ ಹಳೆಯ ಹಡಗುಗಳ ಡೇಟಾಬೇಸುಗಳು ಆನ್‌ಲೈನಿನಲ್ಲಿ ಬೇಕಾದಷ್ಟಿವೆ. ಮಕ್ಕಳ ಪ್ರಾಜೆಕ್ಟಿಗೆ, ಊರ ಚರಿತ್ರೆ ಬರೆಯುವವರಿಗೆ, ‘ನಮ್ಮ ಅಜ್ಜ ಹಡಗಿನಲ್ಲಿ ಖಲಾಸಿ ಆಗಿದ್ದರು’ ಅಂತ ಕೇಳುತ್ತ ಬೆಳೆದವರಿಗೆ ತುಂಬ ಉಪಯೋಗಕ್ಕೆ ಬರುತ್ತವೆ. ಆದರೆ ಕಾಸರಗೋಡಿನ ಕಡೆಯಿಂದ ಹುಡುಕುವವರಿಗೆ ಒಂದು ತೊಂದರೆ ಉಂಟು. ಊರ ಹೆಸರಿನಿಂದ ಶುರು ಮಾಡಿದರೆ ಕೈಗೆ ಏನೂ ಬರುವುದಿಲ್ಲ.

ನಾನು ಕುಂಬಳೆ ಹತ್ತಿರದ ಕನ್ನಡ ಮಾಧ್ಯಮ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸುತ್ತೇನೆ. ಕೇರಳದ ಶಾಲಾ ಮಕ್ಕಳ ಶಾಸ್ತ್ರೋತ್ಸವದ ಸಮಾಜ ವಿಜ್ಞಾನ ಮೇಳದಲ್ಲಿ ಪ್ರಾದೇಶಿಕ ಚರಿತ್ರೆ ಬರೆಯುವ ಸ್ಪರ್ಧೆ ಇರುತ್ತದೆ ಅಲ್ವಾ, ಅದಕ್ಕೆ ಮಕ್ಕಳನ್ನು ತಯಾರು ಮಾಡುವ ಕೆಲಸ ನನ್ನ ಪಾಲಿಗೆ. ಕೊಯಿಪ್ಪಾಡಿ, ಶಿರಿಯ, ಮುಸೋಡಿ ಕಡೆಯ ಮಕ್ಕಳು ವರ್ಷವೂ ಒಂದೇ ಮಾತು ತರುತ್ತಾರೆ: ‘ಟೀಚರ್, ನಮ್ಮ ಕಡಲಲ್ಲಿ ಒಂದು ಹಡಗು ಮುಳುಗಿದೆಯಂತೆ, ಅಲ್ಲಿ ಬಲೆ ಸಿಕ್ಕಿಕೊಳ್ಳುತ್ತದಂತೆ.’ ಅವರಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆದಿದ್ದೇನೆ.

ಯಾವ ಡೇಟಾಬೇಸ್?

ಎಲ್ಲ ಹಡಗುಗಳೂ ಇರುವ ಒಂದೇ ಪಟ್ಟಿ ಎಲ್ಲೂ ಇಲ್ಲ. ಒಂದೊಂದನ್ನು ಒಂದೊಂದು ಸರ್ಕಾರ, ಮ್ಯೂಸಿಯಂ ಅಥವಾ ಹಡಗಿನ ಹುಚ್ಚು ಹಿಡಿದ ಗುಂಪು ತನಗೆ ಬೇಕಾದ ಹಾಗೆ ಕಟ್ಟಿದೆ. ಹಾಗಾಗಿ ‘ಇದನ್ನು ಯಾರು, ಯಾಕೆ ಮಾಡಿದರು’ ಅಂತ ಮೊದಲು ನೋಡಿ.

ಬೆಲ್ಜಿಯಂನವರು ನಡೆಸುವ ರೆಕ್‌ಸೈಟ್ ತುಂಬ ದೊಡ್ಡದು. ಅದರಲ್ಲಿ ಪ್ರಪಂಚದ ಎರಡು ಲಕ್ಷಕ್ಕಿಂತ ಜಾಸ್ತಿ ಮುಳುಗಡೆಗಳಿವೆ. ಹೆಸರು, ವರ್ಷದಂಥ ಮೇಲುಮೇಲಿನ ವಿವರ ಸಿಗುತ್ತದೆ. ಮುಂದಕ್ಕೆ ಹೋದಂತೆ ಚಂದಾ ಕೇಳುತ್ತದೆ. ಶಾಲೆಯ ಕೆಲಸಕ್ಕೆ ದುಡ್ಡು ಕೊಡಬೇಡಿ, ಅಗತ್ಯ ಬೀಳುವುದಿಲ್ಲ.

ನೆದರ್ಲ್ಯಾಂಡ್ಸಿನ ಪರಂಪರೆ ಇಲಾಖೆಯ ‘ಮಾರಿಟೈಮ್ ಸ್ಟೆಪಿಂಗ್ ಸ್ಟೋನ್ಸ್’ ನನಗೆ ಇಷ್ಟ. ಲೋಕದ ಬೇರೆ ಬೇರೆ ಕಡಲುಗಳಲ್ಲಿ ಮುಳುಗಿದ ಡಚ್ ಹಡಗುಗಳನ್ನು ನಕ್ಷೆ, ಚಿತ್ರ, ಕತೆಗಳ ಸಮೇತ ಪುಕ್ಕಟೆ ತೋರಿಸುತ್ತದೆ. ಅದರ ಜೊತೆಗೆ ‘ಡಚ್ ಏಷಿಯಾಟಿಕ್ ಶಿಪ್ಪಿಂಗ್’ ಎಂಬ ಇನ್ನೊಂದನ್ನು ನೋಡಬೇಕು. ಅದು ಮುಳುಗಿದ ಹಡಗುಗಳ ಪಟ್ಟಿಯಲ್ಲ, ಪ್ರಯಾಣಗಳ ಪಟ್ಟಿ. 1595ರಿಂದ 1795ರವರೆಗೆ ಡಚ್ ಹಡಗುಗಳು ಏಷ್ಯಾಕ್ಕೆ ಬಂದದ್ದು, ವಾಪಸ್ ಹೋದದ್ದು ಸೇರಿ ಸುಮಾರು 8,000 ಪ್ರಯಾಣಗಳು ಅದರಲ್ಲಿವೆ. ಹೊರಟ ದಿನ ಇದ್ದು ತಲುಪಿದ ದಿನ ಖಾಲಿ ಇದ್ದರೆ ಪಕ್ಕದ ಟಿಪ್ಪಣಿ ಓದಿ. ಎಷ್ಟೋ ಸಲ ಏನಾಯಿತು ಅನ್ನುವುದು ಅಲ್ಲೇ ಇರುತ್ತದೆ.

ಆಸ್ಟ್ರೇಲಿಯಾ ಸರ್ಕಾರದ್ದೂ ಒಂದಿದೆ. ಅಲ್ಲಿ 2018ರ ಕಾನೂನಿನ ಪ್ರಕಾರ ಮುಳುಗಿ 75 ವರ್ಷ ದಾಟಿದ ಹಡಗಿಗೆ ತಾನಾಗಿ ರಕ್ಷಣೆ ಸಿಗುತ್ತದೆ. ‘ಆಸ್ಟ್ರೇಲಿಯಾದ್ದು ನಮಗೆ ಯಾಕೆ ಟೀಚರ್?’ ಅಂತ ಮಕ್ಕಳು ಕೇಳುತ್ತಾರೆ. ಆಗ ‘ಸಿಡ್ನಿ ಕೋವ್’ ಅಂತ ಹುಡುಕಲು ಹೇಳುತ್ತೇನೆ. ಕಲ್ಕತ್ತಾದಿಂದ ಸಿಡ್ನಿಗೆ ಹೊರಟು 1797ರ ಫೆಬ್ರವರಿಯಲ್ಲಿ ಟಾಸ್ಮೇನಿಯಾ ಬಳಿಯ ದ್ವೀಪವೊಂದರಲ್ಲಿ ಸಿಕ್ಕಿಬಿದ್ದ ಹಡಗು ಅದು. ನಾವಿಕರಲ್ಲಿ ಹೆಚ್ಚಿನವರು ಲಸ್ಕರರು, ಅಂದರೆ ಬಿಳಿಯರ ಹಡಗಿನಲ್ಲಿ ದುಡಿಯುವ ಭಾರತದ ಖಲಾಸಿಗಳು. ಸಹಾಯ ತರಲು 17 ಜನ ಸಣ್ಣ ದೋಣಿಯಲ್ಲಿ ಹೊರಟರು, ಆ ದೋಣಿಯೂ ಒಡೆಯಿತು. ನೂರಾರು ಕಿಲೋಮೀಟರ್ ಕಡಲ ಬದಿಯಲ್ಲೇ ನಡೆದು ಕೊನೆಗೆ ಬದುಕಿ ಸಿಕ್ಕಿದ್ದು ಮೂವರು. ಇಬ್ಬರು ಬಿಳಿಯರ ಹೆಸರು ದಾಖಲೆಯಲ್ಲಿದೆ. ಮೂರನೆಯವ ಬರೀ ‘ಒಬ್ಬ ಲಸ್ಕರ್’.

ಯುದ್ಧಕಾಲದ್ದಾದರೆ ಯುಬೋಟ್ ಡಾಟ್ ನೆಟ್. ಜರ್ಮನ್ ಸಬ್‌ಮರೀನುಗಳು ಹೊಡೆದ ಹಡಗುಗಳ ಮಟ್ಟಿಗೆ ಅದರಷ್ಟು ಅಚ್ಚುಕಟ್ಟಾದ್ದು ನಾನು ನೋಡಿಲ್ಲ. ಜಪಾನಿನ ಸಬ್‌ಮರೀನುಗಳಿಗೆ ಬೇರೆ ಕಡೆ ನೋಡಬೇಕು.

ಊರ ಹೆಸರನ್ನು ಬದಿಗಿಡಿ

1956ರ ನವೆಂಬರ್ 1ರವರೆಗೆ ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು, ಮದ್ರಾಸಿನ ಆಡಳಿತ. ಜಿಲ್ಲೆ ಆದದ್ದು 1984ರ ಮೇ 24ಕ್ಕೆ. ಹಾಗಾಗಿ ಹಳೆಯ ದಾಖಲೆಯಲ್ಲಿ ‘ಕೇರಳ’ ಅಂತ ಹುಡುಕುವುದು ದಂಡ. ‘ಸೌತ್ ಕೆನರಾ’, ‘ಮಲಬಾರ್ ಕೋಸ್ಟ್’, ‘ಮದ್ರಾಸ್ ಪ್ರೆಸಿಡೆನ್ಸಿ’ ಅಂತ ಇಂಗ್ಲಿಷಿನಲ್ಲಿ ಹಾಕಿ. ಕಾಸರಗೋಡು, ಕುಂಬಳೆ, ಕಣ್ಣೂರು ಎಲ್ಲಕ್ಕೂ ಕೆ ಅಕ್ಷರದ ಬದಲು ಸಿ ಹಾಕಿ ನೋಡಿ. ಸುಮಾರು 1514ರಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಬಾರ್ಬೋಸಾ ಕುಂಬಳೆಯನ್ನು ‘ಕುಂಬೋಲ’ ಅಂದಿದ್ದಾನೆ, ಅದೂ ಸಿ ಅಕ್ಷರದಿಂದಲೇ. ಇಲ್ಲಿಂದ ಮಾಲ್ದೀವ್ಸಿಗೆ ಕಳಪೆ ಅಕ್ಕಿ ಹೋಗಿ ಅಲ್ಲಿಂದ ತೆಂಗಿನ ನಾರು ಬರುತ್ತಿತ್ತಂತೆ. ಅಕ್ಕಿಯನ್ನು ಹೀಗೆ ಬೈದದ್ದು ಕೇಳಿ ನಮ್ಮ ಮಕ್ಕಳಿಗೆ ಬೇಜಾರು!

ಲಕ್ಷದ್ವೀಪವನ್ನು ಮರೆಯಬೇಡಿ. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್ ದ್ವೀಪಗಳನ್ನು 1956ರವರೆಗೆ ನೋಡಿಕೊಳ್ಳುತ್ತಿದ್ದದ್ದು ಮಂಗಳೂರಿನ ಕಲೆಕ್ಟರ್. ನಮ್ಮ ಪಡುಗಡಲಿನ ದೊಡ್ಡ ಹಡಗುಗಳು ಹೋಗಿ ಬಡಿದದ್ದು ಹೆಚ್ಚಾಗಿ ಅಲ್ಲಿನ ಹವಳದ ಬಂಡೆಗಳಿಗೆ. ನಮ್ಮ ಮರಳು ತೀರ ಅಷ್ಟು ಅಪಾಯದ್ದಲ್ಲ. ಲಕ್ಷದ್ವೀಪದ ಹಳೆಯ ಹೆಸರು ‘ಲ್ಯಾಕ್‌ಡೈವ್’. ದ್ವೀಪದ ಹೆಸರು ಮತ್ತು ವರ್ಷ ಎರಡನ್ನೂ ಕೊಟ್ಟರೆ ಹುಡುಕಾಟ ಎಷ್ಟು ಬೇಗ ತಿಳಿಯಾಗುತ್ತದೆ ನೋಡಿ. ‘ಮಿನಿಕಾಯ್, 1914’ ಅಂತ ಹಾಕಿ. ಜರ್ಮನ್ ಯುದ್ಧನೌಕೆ ಎಮ್ಡೆನ್ ಆ ಅಕ್ಟೋಬರಿನಲ್ಲಿ ಅಲ್ಲಿ ಬೇಟೆಯಾಡಿದ ಹಡಗುಗಳು ಒಂದರ ಹಿಂದೆ ಒಂದು ಬರುತ್ತವೆ: ಕ್ಲ್ಯಾನ್ ಗ್ರ್ಯಾಂಟ್, ಬೆನ್‌ಮೋರ್, ಟ್ರಾಯ್ಲಸ್. ನಡುವೆ ಪೊನ್ರಾಬೆಲ್ ಅಂತ ಒಂದು ಹೂಳೆತ್ತುವ ಹಡಗು. ಪಾಪ, ಅದು ಟಾಸ್ಮೇನಿಯಾಕ್ಕೆ ಕೆಲಸಕ್ಕೆ ಹೋಗುತ್ತಿತ್ತು.

ಒಂದು ಹಡಗನ್ನು ಪೂರ್ತಿ ಹುಡುಕೋಣ

ಕಲಿಯಲು ನಾನು ಯಾವಾಗಲೂ ಕೊಡುವ ಹೆಸರು ‘ತಿಲಾವಾ’. ಹೆಸರಿನ ಮುಂದೆ ಎಸ್ಸೆಸ್, ಎಚ್ಚೆಮ್ಮೆಸ್ ಹಾಕಬೇಡಿ. ಹೆಚ್ಚಿನ ಡೇಟಾಬೇಸುಗಳು ಅದನ್ನು ಹೆಸರಿನ ಭಾಗವಾಗಿ ಲೆಕ್ಕ ಹಾಕುವುದಿಲ್ಲ. ಒಂದೇ ಹೆಸರಿನ ಬೇರೆ ಹಡಗು ಬಂದರೆ ಕಟ್ಟಿದ ವರ್ಷ ನೋಡಿ ಬೇರೆ ಮಾಡಿ. ನಮಗೆ ಬೇಕಾದ್ದು 1924ರಲ್ಲಿ ಇಂಗ್ಲೆಂಡಿನ ನ್ಯೂಕಾಸಲಿನಲ್ಲಿ ಕಟ್ಟಿದ್ದು. ಮಾಲೀಕರು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ.

ಪುಟ ತೆರೆದರೆ ಕಾಣುವುದು 10,006 ಎಂಬ ಟನ್ ಲೆಕ್ಕ. ಇದು ತೂಕ ಅಲ್ಲ. ‘ಗ್ರಾಸ್ ರಿಜಿಸ್ಟರ್ ಟನ್’ ಅಂದರೆ ಹಡಗಿನ ಒಳಗಿನ ಜಾಗದ ಲೆಕ್ಕ, ಒಂದು ಟನ್ನಿಗೆ 100 ಘನ ಅಡಿ. ‘10,006 ಟನ್ ತೂಕದ ಹಡಗು’ ಅಂತ ಮಕ್ಕಳು ಬರೆದರೆ ಅಲ್ಲೇ ಕೆಂಪು ಗೆರೆ ಎಳೆಯುತ್ತೇನೆ.

ಮುಳುಗಿದ್ದು 1942ರ ನವೆಂಬರ್ 23. ಬೊಂಬಾಯಿಯಿಂದ ಆಫ್ರಿಕಾಕ್ಕೆ ಹೊರಟಿತ್ತು. ಜಪಾನಿನ ಐ-29 ಸಬ್‌ಮರೀನ್ ಹೊಡೆಯಿತು. ಹಡಗಿನಲ್ಲಿದ್ದವರು 958, ಸತ್ತವರು 280. ಉಳಿದವರಲ್ಲಿ ಹೆಚ್ಚಿನವರನ್ನು ಬ್ರಿಟಿಷ್ ಯುದ್ಧನೌಕೆ ಬರ್ಮಿಂಗ್ಹ್ಯಾಮ್ ಎತ್ತಿಕೊಂಡಿತು. ಇಷ್ಟು ಬರೆದುಕೊಂಡ ಮೇಲೆ ಇನ್ನೊಂದು ಡೇಟಾಬೇಸ್ ತೆರೆದು ಸಾಲು ಸಾಲಾಗಿ ತಾಳೆ ನೋಡಿ. ತಾರೀಖು, ಸಂಖ್ಯೆ, ಜಾಗ ಎರಡೂ ಕಡೆ ಹೊಂದುತ್ತವೆಯೇ? ಹೊಂದಿದರೂ ಪೂರ್ತಿ ನಂಬಬೇಡಿ, ಒಬ್ಬರದನ್ನು ನೋಡಿ ಇನ್ನೊಬ್ಬರು ಬರೆದಿರಬಹುದು. ಎರಡೂ ಕಡೆಯವರು ಯಾವ ಮೂಲದಿಂದ ತೆಗೆದರು ಅನ್ನುವುದು ಪುಟದ ಅಡಿಯಲ್ಲಿ ಇರುತ್ತದೆ. ಅಷ್ಟು ಕೆಳಗೆ ಯಾರೂ ಹೋಗುವುದಿಲ್ಲ, ನೀವು ಹೋಗಿ.

ಹಳೆಯ ಪುಟಗಳಲ್ಲಿ ಇಷ್ಟಕ್ಕೇ ನಿಂತಿರುತ್ತದೆ. ಆದರೆ ತಿಲಾವಾದ ಕತೆ ಅಲ್ಲಿಗೆ ಮುಗಿದಿಲ್ಲ. ಅದರಲ್ಲಿ 2,364 ಬೆಳ್ಳಿ ಗಟ್ಟಿಗಳಿದ್ದವು. 2017ರಲ್ಲಿ ಒಂದು ಕಂಪನಿ ಸುಮಾರು ಎರಡೂವರೆ ಕಿಲೋಮೀಟರ್ ಆಳದಿಂದ ಅವನ್ನು ಎತ್ತಿತು. ಬೆಳ್ಳಿ ನಮ್ಮದು ಅಂತ ದಕ್ಷಿಣ ಆಫ್ರಿಕಾ ಬ್ರಿಟನ್ನಿನ ಕೋರ್ಟಿನಲ್ಲಿ ವಾದಿಸಿ, 2024ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಹಾಗಾಗಿ ಪುಟವನ್ನು ಕೊನೆಗೆ ತಿದ್ದಿದ್ದು ಯಾವಾಗ ಅಂತಲೂ ನೋಡಿಕೊಳ್ಳಿ.

ಬ್ರಿಟಿಷ್ ಹಡಗಾದರೆ ಇನ್ನೊಂದು ಒಳದಾರಿ ಉಂಟು, ‘ಅಫಿಷಿಯಲ್ ನಂಬರ್’. 1855ರಿಂದ ನೋಂದಾಯಿಸಿದ ಹಡಗುಗಳಿಗೆಲ್ಲ ಒಂದು ನಂಬರ್ ಕೊಡುತ್ತಿದ್ದರು. ಮಾಲೀಕ ಬದಲಾದರೂ, ಹೆಸರು ಬದಲಾದರೂ ನಂಬರ್ ಅದೇ. ಅದು ಸಿಕ್ಕಿದರೆ ಹೆಸರಿನ ತಲೆನೋವೇ ಇಲ್ಲ.

ಜಾಗ ಮತ್ತು ತಾರೀಖು

ಡೇಟಾಬೇಸಿನಲ್ಲಿ ಜಾಗವನ್ನು ಡಿಗ್ರಿ, ಮಿನಿಟಿನಲ್ಲಿ ಬರೆದಿರುತ್ತಾರೆ. ಫೋನಿನ ಮ್ಯಾಪಿಗೆ ಹಾಕುವಾಗ ಹೆಚ್ಚಾಗಿ ದಶಮಾಂಶ ಬಳಸುತ್ತೇವೆ. ಎಲ್ಲರೂ ಎಡವುವುದು ಇಲ್ಲೇ.

ಕಾಸರಗೋಡು ಪೇಟೆಯನ್ನೇ ತೆಗೆದುಕೊಳ್ಳಿ. ಸುಮಾರು 12 ಡಿಗ್ರಿ 30 ಮಿನಿಟ್ ಉತ್ತರ, 74 ಡಿಗ್ರಿ 59 ಮಿನಿಟ್ ಪೂರ್ವ. ಮಿನಿಟನ್ನು 60ರಿಂದ ಭಾಗಿಸಬೇಕು. 30 ಭಾಗಿಸು 60 ಅಂದರೆ 0.50. 59 ಭಾಗಿಸು 60 ಅಂದರೆ 0.98. ಮ್ಯಾಪಿಗೆ ಹಾಕಬೇಕಾದ್ದು 12.50, 74.98. ಸುಮ್ನೆ ಚುಕ್ಕಿ ಇಟ್ಟು 12.30, 74.59 ಅಂತ ಹಾಕಿದರೆ? ಕಾಸರಗೋಡಿನ ಬಸ್‌ಸ್ಟ್ಯಾಂಡ್ ಹೊಸದುರ್ಗದ ನೇರಕ್ಕೆ ಪಡುವಣ ಕಡಲಲ್ಲಿ, ದಡದಿಂದ ಐವತ್ತು ಕಿಲೋಮೀಟರ್ ಆಚೆ ಬೀಳುತ್ತದೆ. ಕ್ಲಾಸಿನಲ್ಲಿ ಇದನ್ನೊಮ್ಮೆ ಮಾಡಿ ತೋರಿಸಿ, ಮಕ್ಕಳು ಜೀವನದಲ್ಲಿ ಮರೆಯುವುದಿಲ್ಲ. ಅಕ್ಷಾಂಶದ ಒಂದು ಮಿನಿಟ್ ಅಂದರೆ ಒಂದು ನಾಟಿಕಲ್ ಮೈಲು, 1.852 ಕಿಲೋಮೀಟರ್.

ಲೆಕ್ಕ ಸರಿ ಮಾಡಿದರೂ 18ನೇ ಶತಮಾನದ ಕೊನೆಗಿಂತ ಹಿಂದಿನ ರೇಖಾಂಶಗಳನ್ನು ಅಂದಾಜು ಅಂತಲೇ ತಿಳಿಯಿರಿ. ನಡುಗಡಲಿನಲ್ಲಿ ರೇಖಾಂಶವನ್ನು ಸರಿಯಾಗಿ ಅಳೆಯುವ ಗಡಿಯಾರ ಆಗ ಇರಲಿಲ್ಲ.

ತಾರೀಖಿಗೆ ಬಂದರೆ, 7/5 ಅಂತ ಇದ್ದದ್ದು ಮೇ 7 ಇರಬಹುದು, ಅಮೆರಿಕದವರ ಲೆಕ್ಕದಲ್ಲಿ ಜುಲೈ 5 ಇರಬಹುದು. ಇದಕ್ಕೆ ನಮ್ಮ ಮಳೆಗಾಲವೇ ಪರೀಕ್ಷೆ. ಮೇ ಕೊನೆಗೆ ಬರುವ ಪತ್ತನಾಜೆ ಕಳೆದ ಮೇಲೆ ನಮ್ಮ ಕಡಲಿಗೆ ಹಾಯಿ ಹಡಗು ಇಳಿಸುವವರು ಇರಲಿಲ್ಲ. ಮಂಗಳೂರಿನಿಂದ ಹೊರಟ ಹಾಯಿ ಹಡಗು ಜುಲೈಯಲ್ಲಿ ಮುಳುಗಿತು ಅಂತ ಬರೆದಿದ್ದರೆ ಮತ್ತೊಮ್ಮೆ ನೋಡಿ, ಮೇ ಆಗಿರುವ ಸಾಧ್ಯತೆ ಜಾಸ್ತಿ. ಇದು ಡೇಟಾಬೇಸ್ ಮಾಡಿದವರಿಗೆ ಗೊತ್ತಾಗುವುದಿಲ್ಲ, ನಮಗೆ ಗೊತ್ತಾಗುತ್ತದೆ.

ಹಡಗಿಗೆ ಹೆಸರೇ ಇಲ್ಲದಿದ್ದರೆ

ಆಗ ಸರಕಿನಿಂದ ಹುಡುಕಿ. ನನಗೆ ತುಂಬ ಹಿಡಿಸಿದ ಉದಾಹರಣೆ ಗೋವಾದ್ದು. ಅಲ್ಲಿನ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಮುಳುಗುಗಾರರು ಸೇಂಟ್ ಜಾರ್ಜ್ ರೀಫ್ ಎಂಬ ಬಂಡೆಯ ಹತ್ತಿರ ಒಂದು ಹಡಗಿನ ಸರಕನ್ನು ಕಂಡರು. ಹಡಗಿನ ಹೆಸರು ಗೊತ್ತಿಲ್ಲ. ಸಿಕ್ಕಿದ್ದು ಸುಟ್ಟ ಮಣ್ಣಿನ ಸಾಮಾನು: ಮಾಡಿನ ಹಂಚು, ಮೂಲೆ ಹಂಚು, ಚಿಮಣಿಯ ಇಟ್ಟಿಗೆ, ಕಂಬದ ತಲೆಗೆ ಕೂರಿಸುವ ಚಿತ್ತಾರದ ತುಂಡು. ಅದರ ಮೇಲೆ ಒತ್ತಿದ್ದ ಮುದ್ರೆ ‘ಬಾಸೆಲ್ ಮಿಷನ್ ಟೈಲ್ ವರ್ಕ್ಸ್ 1865’.

ಈ ಮುದ್ರೆ ನಮಗೆ ಹೊಸದಾ? ಇಲ್ಲಿನ ಹಳೆ ಮನೆಗಳ ಮಾಡಿನಿಂದ ಒಂದು ಹಂಚು ಇಳಿಸಿ ಮಗುಚಿದರೆ ಇಂಥದೇ ಸಿಕ್ಕೀತು. ಮಕ್ಕಳಿಗೆ ಮನೆಯಿಂದ ಒಡೆದ ಹಂಚಿನ ತುಂಡು ತರಲು ಹೇಳಿದ್ದೆ. ಒಬ್ಬಳು ಹಟ್ಟಿಯ ಬದಿಯಿಂದ ಹೆಕ್ಕಿ ತಂದ ತುಂಡಿನಲ್ಲಿ ಪಾಚಿ ಕೆರೆದಾಗ 1, 8, 6 ಕಾಣಿಸಿತು, ಕೊನೆಯ ಅಂಕಿ ಒಡೆದು ಹೋಗಿತ್ತು. ಮಕ್ಕಳೆಲ್ಲ ‘ಐದು, ಐದು’ ಅಂತ ಕೂಗಿದರು.

ಇಲ್ಲಿ ಗಮನಿಸಬೇಕಾದ್ದು ಇಷ್ಟು. 1865 ಅಂದರೆ ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಪ್ಲೆಬ್ಸ್ಟ್ ಎಂಬವರು ಹಂಚಿನ ಕಾರ್ಖಾನೆ ಶುರು ಮಾಡಿದ ವರ್ಷ. ಆ ಹಂಚು ಮಾಡಿದ ವರ್ಷ ಅಲ್ಲ. ಎಷ್ಟೋ ವರ್ಷಗಳ ನಂತರದ ಹಂಚಿನ ಮೇಲೂ ಅದೇ ಅಂಕಿ ಒತ್ತುತ್ತಿದ್ದರು. ಹಾಗಾಗಿ ಆ ಹಡಗು 1865ಕ್ಕಿಂತ ಮೊದಲು ಮುಳುಗಿರಲು ಸಾಧ್ಯವಿಲ್ಲ ಅಂತ ಮಾತ್ರ ಹೇಳಬಹುದು. ಹಡಗಿನ ಗಂಟೆ, ನಾಣ್ಯ, ಫಿರಂಗಿ, ಬಾಟಲಿ, ಯಾವುದರ ಮೇಲೆ ಅಂಕಿ ಕಂಡರೂ ಇದೇ ನಿಯಮ.

ಇಂಥ ಭಾರತದ ಕೆಲಸಗಳು ವಿದೇಶಿ ಡೇಟಾಬೇಸಿನಲ್ಲಿ ಸಿಗುವುದು ಕಡಿಮೆ. ಗೋವಾದ ಸಂಸ್ಥೆಯ ಲೇಖನಗಳ ಸಂಗ್ರಹದಲ್ಲಿ ‘ಶಿಪ್‌ರೆಕ್’ ಅಂತ ಹುಡುಕಿ. ಸುಂಚಿ ರೀಫ್, ಲಕ್ಷದ್ವೀಪದ ಸುಹೇಲಿ, ಮಿನಿಕಾಯ್ ಎಲ್ಲ ಬರುತ್ತವೆ, ಪುಕ್ಕಟೆ ಓದಬಹುದು.

ಹಡಗಲ್ಲ, ಮನುಷ್ಯ ಬೇಕಿದ್ದರೆ

ಅಜ್ಜನ ತಂದೆ ಯುದ್ಧಕಾಲದಲ್ಲಿ ಹಡಗಿನ ಜೊತೆ ಹೋದವರು ವಾಪಸ್ ಬರಲಿಲ್ಲ ಎಂಬ ಮನೆಗಳು ಈ ಕರಾವಳಿಯಲ್ಲಿ ಉಂಟು. ಅಂಥವರು ಹಡಗಿನ ಡೇಟಾಬೇಸಿನಲ್ಲಿ ಸಮಯ ಕಳೆಯಬೇಡಿ. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ ತಾಣಕ್ಕೆ ಹೋಗಿ, ಸೇವೆ ಎಂಬಲ್ಲಿ ‘ಮರ್ಚೆಂಟ್ ನೇವಿ’ ಆರಿಸಿ, ಹೆಸರು ಹಾಕಿ. ಮೊದಲ ಯುದ್ಧದಲ್ಲಿ ಸತ್ತ ಭಾರತೀಯ ನಾವಿಕರ ಸ್ಮಾರಕ ಮುಂಬಯಿಯ ಇಂಡಿಯನ್ ಸೈಲರ್ಸ್ ಹೋಮಿನಲ್ಲಿದೆ. ಎರಡನೆಯದರಲ್ಲಿ ಸತ್ತ 6,000ಕ್ಕಿಂತ ಹೆಚ್ಚು ನಾವಿಕರ ಹೆಸರುಗಳನ್ನು ಮುಂಬಯಿ ಮತ್ತು ಚಿತ್ತಗಾಂಗ್ ಎರಡೂ ಕಡೆ ಇಟ್ಟಿದ್ದಾರೆ. ಹೆಸರಿನ ಜೊತೆ ಕೆಲಸವೂ ಇರುತ್ತದೆ: ಸಾರಂಗ (ಖಲಾಸಿಗಳ ಮೇಸ್ತ್ರಿ), ತಂಡೇಲ (ಅವನ ಕೈಕೆಳಗಿನವ), ಭಂಡಾರಿ (ಅಡುಗೆಯವ), ಫೈರ್‌ಮನ್ (ಬಾಯ್ಲರಿನ ಬೆಂಕಿ ನೋಡುವವ). ಕೆಲವರಿಗೆ ತಂದೆಯ ಹೆಸರು, ಊರು. ಹಡಗಿನ ಹೆಸರು ಅಲ್ಲಿ ಸಿಕ್ಕಿತು ಅನ್ನಿ, ಆಗ ಮೊದಲು ಹೇಳಿದ ಡೇಟಾಬೇಸುಗಳಿಗೆ ಬನ್ನಿ. ಇಂಗ್ಲಿಷ್ ಗುಮಾಸ್ತ ಕಿವಿಗೆ ಕೇಳಿದ ಹಾಗೆ ಬರೆದ ಹೆಸರುಗಳು ಅವು. ಅಬ್ದುಲ್ಲ, ಇಬ್ರಾಹಿಂ ಅನ್ನುವುದಕ್ಕೇ ಎಷ್ಟು ರೂಪ! ಸಿಗದಿದ್ದರೆ ಅಕ್ಷರ ಬದಲಿಸುತ್ತಾ ಹೋಗಿ, ಅಥವಾ ಹೆಸರು ಬಿಟ್ಟು ಊರು ಮಾತ್ರ ಹಾಕಿ.

ಮಂಜಿ ಎಲ್ಲಿ?

ಇಷ್ಟೆಲ್ಲ ಹುಡುಕಿದ ಮೇಲೆ ಮಕ್ಕಳು ಕೇಳಿಯೇ ಕೇಳುತ್ತಾರೆ, ನಮ್ಮ ಊರ ಹಾಯಿ ಹಡಗುಗಳಾದ ಪತ್ತೇಮಾರಿ, ಮಂಜಿಗಳು ಎಲ್ಲಿ ಅಂತ. ಇಲ್ಲ. ಇವುಗಳಲ್ಲಿ ಹೆಚ್ಚಿನ ಪಟ್ಟಿಗಳ ಬೇರು ಇರುವುದು ವಿಮೆ, ಕಂಪನಿ, ನೌಕಾದಳದ ಕಾಗದಗಳಲ್ಲಿ. ಲಂಡನ್ನಿನ ಲಾಯ್ಡ್ಸ್‌ನವರು 1734ರಿಂದಲೇ ಹಡಗಿನ ಸುದ್ದಿ ಅಚ್ಚು ಹಾಕುತ್ತಿದ್ದರು, ಯಾಕೆಂದರೆ ಮುಳುಗಿದರೆ ಅವರ ದುಡ್ಡು ಹೋಗುತ್ತಿತ್ತು. ಮಂಗಳೂರು ಬಂದರಿನಿಂದ ಅಕ್ಕಿ, ಹಂಚು, ಬೆಲ್ಲ ಹೊತ್ತು ದ್ವೀಪಕ್ಕೆ ಹೋದ ಮಂಜಿ ಅಳಿವೆ ಬಾಗಿಲಲ್ಲೇ ಒಡೆದರೂ ಲಂಡನ್ನಿಗೆ ಏನೂ ನಷ್ಟ ಇರಲಿಲ್ಲ. ಹಾಗಾಗಿ ‘ಡೇಟಾಬೇಸಿನಲ್ಲಿ ಇಲ್ಲ, ಆದ್ದರಿಂದ ಇಲ್ಲಿ ಹಡಗು ಮುಳುಗಿಲ್ಲ’ ಅಂತ ಯಾರೂ ಬರೆಯಬಾರದು. ಇಂಥ ವಾಕ್ಯ ಬರೆದ ಪ್ರಬಂಧಕ್ಕೆ ನಾನಂತೂ ಮಾರ್ಕು ಕಡಿಮೆ ಮಾಡುತ್ತೇನೆ.

ತೀರಾ ಈಚಿನದ್ದೂ ಇಲ್ಲಿ ಸಿಗುವುದು ಕಷ್ಟ. 2022ರ ಜೂನಿನಲ್ಲಿ ತಲಪಾಡಿ ಗಡಿಯ ಆಚೆ, ಉಚ್ಚಿಲದ ಬಟ್ಟಪ್ಪಾಡಿಯ ಹತ್ತಿರ ಪ್ರಿನ್ಸೆಸ್ ಮಿರಾಲ್ ಮುಳುಗಿದ್ದು ನೆನಪಿದೆಯಲ್ಲ? ಸಿರಿಯಾದ 15 ನಾವಿಕರನ್ನು ಕರಾವಳಿ ಕಾವಲುಪಡೆ ಬದುಕಿಸಿತು. ಇಂಥದಕ್ಕೆ ಪತ್ರಿಕೆಗಳೇ ಗತಿ. ಹಳೆಯದಕ್ಕೂ ಪತ್ರಿಕೆ ಒಳ್ಳೆಯದು. ಆಸ್ಟ್ರೇಲಿಯಾದ ಟ್ರೋವ್, ನ್ಯೂಜಿಲ್ಯಾಂಡಿನ ಪೇಪರ್ಸ್ ಪಾಸ್ಟ್ ಎರಡೂ ಪುಕ್ಕಟೆ. ಹಿಂದೂ ಮಹಾಸಾಗರದ ಹಡಗಿನ ಸುದ್ದಿ ಅಲ್ಲಿಗೆ ತಂತಿಯಲ್ಲಿ ಹೋಗುತ್ತಿತ್ತು.

ಬಲೆ ಸಿಕ್ಕುವ ಜಾಗದ ವಿಷಯಕ್ಕೆ ಬರುತ್ತೇನೆ. ಅದರ ವಿವರ ಇರುವುದು ಬೋಟಿನವರ ಜಿಪಿಎಸ್‌ನಲ್ಲಿ. ಮಕ್ಕಳನ್ನು ಅವರ ಹತ್ತಿರ ಕಳಿಸುವಾಗ ಕೇಳಬೇಕಾದ್ದನ್ನು ಬರೆದುಕೊಡುತ್ತೇನೆ: ಯಾರ ಕಾಲದಿಂದ ಗೊತ್ತು, ಎಷ್ಟು ಮಾರು ಆಳ, ಬಲೆಗೆ ಏನು ಸಿಕ್ಕಿತು, ಮರವೋ ಕಬ್ಬಿಣವೋ. ಮರವಾದರೆ ಹಳೆಯದಿರಬಹುದು, ಹಡಗಿನ ಮೈಯೇ ಕಬ್ಬಿಣದ್ದಾದರೆ ಹೆಚ್ಚೆಂದರೆ 19ನೇ ಶತಮಾನದಷ್ಟು ಹಳೆಯದು. ಬರೀ ಬಂಡೆಯೂ ಇರಬಹುದು. ಬಲೆಗೆ ಸಿಕ್ಕಿದ ಹಳೆಯ ವಸ್ತುವನ್ನು ಗುಜರಿಗೆ ಹಾಕಬಾರದು, ಮನೆಯಲ್ಲೂ ಇಟ್ಟುಕೊಳ್ಳಬಾರದು. ಕಾನೂನಿನ ಪ್ರಕಾರ ತಿಳಿಸಲೇಬೇಕು. ಶಿರಿಯದ ಕರಾವಳಿ ಪೊಲೀಸ್ ಠಾಣೆಗೆ ಹೇಳಿದರೆ ಮುಂದಿನದ್ದು ಅವರು ನೋಡುತ್ತಾರೆ. ಪುರಾತತ್ವ ಇಲಾಖೆಯಲ್ಲಿ ನೀರಿನಡಿಯ ಕೆಲಸಕ್ಕೆಂದೇ 2001ರಿಂದ ಒಂದು ವಿಭಾಗ ಇದೆ.

ಜಾಗದ ಅಂಕಿಗಳನ್ನು ಮಾತ್ರ ಮಕ್ಕಳ ಪ್ರಬಂಧದಲ್ಲಿ ಹಾಕಿಸುವುದಿಲ್ಲ, ಯಾವ ಡೇಟಾಬೇಸಿಗೂ ಕಳಿಸುವುದಿಲ್ಲ. ಮುಳುಗಿದ ಹಡಗಿನ ಸುತ್ತ ಮೀನು ಜಾಸ್ತಿ. ಆ ಜಾಗ ಗೊತ್ತಿರುವ ಮೊಗವೀರರು ಸ್ವಂತ ಅಳಿಯನಿಗೂ ಹೇಳುವುದಿಲ್ಲ. ‘ಕುಂಬಳೆಯ ಪಡುವಣಕ್ಕೆ, ಹೇಳಿದವರು ಇಂಥವರು, ಇಂಥ ದಿನ’ ಎಂದಷ್ಟೇ ಬರೆಯಿರಿ, ಅದೂ ಅವರನ್ನು ಕೇಳಿ.